ಪರಾಯಿ ತೊಗಲು

ಆದೋನಿಯ ಕೋಟೆಗುಡ್ಡದ ಬುಡದ ಓಣಿಗಳಲ್ಲಿ ನಿಂತು ‘ಪೀರಮ್ಮಾ’ ಎಂದು ಕೂಗಿದರೆ ನಾಲ್ಕು ಬಾಗಿಲಿಂದ ನಾಲ್ವರು ‘ಓ’ ಅನ್ನುತ್ತಿದ್ದರು. ‘ಕಪ್ಪೆ ಮಾಸ್ತರರ ಮನೆಗೆ ನೀರು ಹಾಕುವ ಪೀರಮ್ಮ’ ಅಂದರೆ ಮಾತ್ರ ಈಕೆಯೊಬ್ಬಳೇ. ಹೆಸರಿನ ಬೆನ್ನಿಗೆ ಕಪ್ಪೆ ಬಂದು ಕೂತದ್ದಕ್ಕೆ ಅವಳಿಗೆ ಬೇಸರವೇನೂ ಇರಲಿಲ್ಲ. ಹುಟ್ಟಿದ್ದು ಮಾಧವರಂನಲ್ಲಿ, ತುಂಗಭದ್ರೆಯ ದಂಡೆಗೆ. ಮಳೆಗಾಲದಲ್ಲಿ ಕಪ್ಪೆ ಕೂಗದಿದ್ದರೆ ಅಲ್ಲಿಯವರಿಗೆ ನಿದ್ದೆ ಹತ್ತುವುದಿಲ್ಲ. ಮದುವೆಯಾಗಿ ಆದೋನಿಗೆ ಬಂದಮೇಲೆ ಹೊಳೆ ತಪ್ಪಿತು, ಬಾವಿಯ ಹಗ್ಗ ಕೈಗೆ ಬಂತು, ಅಷ್ಟೇ.

ಗಂಡ ಕೆಂಚಣ್ಣ ಹಾಲಹರವಿ ಕಡೆಯ ಹಳ್ಳಿಗಳಿಂದ ಗಾಡಿಯಲ್ಲಿ ಹತ್ತಿ ಹೇರಿಕೊಂಡು ಬೀಜ ಬಿಡಿಸುವ ಜಿನ್ನಿಗೆ ತರುವವನು. ಕುಡಿತವಿಲ್ಲ, ಹೊಡೆತವಿಲ್ಲ, ಮಗಳು ಪಂಪಿಯೆಂದರೆ ಪ್ರಾಣ. ಒಂದೇ ಕೊರತೆ. ತಾಯಿ ಮಹಾಂತಮ್ಮ ಏನಾದರೂ ಹೇಳಿದರೆ ಅದು ಅವನ ಒಂದು ಕಿವಿಯಿಂದ ಒಳಗೆ ಹೋಗುತ್ತಿತ್ತು, ಇನ್ನೊಂದು ಕಿವಿಯಿಂದ ಹೊರಗೆ ಬರುತ್ತಿರಲಿಲ್ಲ.

ಇನ್ನು ಕಪ್ಪೆ ಮಾಸ್ತರರು. ಅವರ ನಿಜವಾದ ಹೆಸರು ಸೇತುಮಾಧವರಾಯರು. ಮದರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು ಹೈಸ್ಕೂಲಿನಲ್ಲಿ ಸೈನ್ಸು ಹೇಳುತ್ತಿದ್ದರು. ಊರಿಗೆ ಬಂದರೂ ಓದಿದ ಹುಚ್ಚು ಬಿಟ್ಟಿರಲಿಲ್ಲ. ಮಳೆ ಹಿಡಿಯಿತೆಂದರೆ ಅವರ ಹಿತ್ತಲಿನಲ್ಲಿ ಮಣ್ಣಿನ ಬಾನಿಗಳ ಸಾಲು, ಬಾನಿಗಳ ತುಂಬ ಗೊದಮೊಟ್ಟೆಗಳು. ಮಡಿಯ ಮನೆ ಬೇರೆ. ತಾಯಿ ವೆಂಕೂಬಾಯಿ, ‘ದಶಾವತಾರದಾಗ ಮೀನ ಅದ, ಆಮಿ ಅದ, ಹಂದಿನೂ ಅದ. ಕಪ್ಪಿ ಎಲ್ಲಿ ಅದನೋ?’ ಎಂದು ಮಗನನ್ನು ದಿನಾ ಕೇಳುತ್ತಿದ್ದರು. ಮಗ ನಕ್ಕು ಹಿತ್ತಲಿಗೆ ಹೋಗುತ್ತಿದ್ದರು.

ಅವರ ಕೆಲಸ ನೋಡಿ ಪೀರಮ್ಮನಿಗೆ ಮೊದಮೊದಲು ಅಯ್ಯೋ ಅನ್ನಿಸುತ್ತಿತ್ತು. ಭೂತಗನ್ನಡಿಯ ಕೆಳಗೆ ಒಂದು ಗೊದಮೊಟ್ಟೆಯ ಹೊಟ್ಟೆಯ ಬಿಳಿ ಚರ್ಮವನ್ನು ಸಾಸಿವೆಯಷ್ಟು ಬಿಡಿಸಿ, ಇನ್ನೊಂದರ ಕರಿ ಬೆನ್ನಿನ ಮೇಲೆ ಕೂರಿಸುತ್ತಿದ್ದರು. ಬಿಳಿ ಚುಕ್ಕೆ ಉಳಿಯಿತೋ, ಉದುರಿತೋ ಎಂದು ಬೆಳಿಗ್ಗೆ ಸಂಜೆ ಬಗ್ಗಿ ನೋಡುವುದು. ಒಂದು ದಿನ ಬಾನಿಗೆ ನೀರು ಹಾಕುತ್ತ ಅವಳು ಕೇಳಿಯೇ ಬಿಟ್ಟಳು.

“ಮಾಸ್ತರ್ರೀ, ಒಂದರ ತೊಗಲು ಕಿತ್ತಿ ಇನ್ನೊಂದಕ್ಕ ಯಾಕ ಹಚ್ತೀರಿ? ಅದಕ್ಕೇನ್ ತೊಗಲಿಗೆ ಬರ ಬಂದೈತೇನ್ರಿ?”

“ಇಟ್ಟುಕೊಳ್ತದೋ ಇಲ್ಲೋ ನೋಡಬೇಕವಾ.”

“ಎಲ್ಲಾ ಒಂದೇ ತಾಯಿ ಮರಿ ಅಂತೀರಿ. ಅಣ್ಣಂದು ತಮ್ಮ ಯಾಕ ಇಟ್ಕಣಂಗಿಲ್ಲ?”

ಇಂಥ ಪ್ರಶ್ನೆ ಹೈಸ್ಕೂಲಿನಲ್ಲಿ ಯಾರೂ ಕೇಳದೆ ಒಣಗಿಹೋಗಿದ್ದ ಮನುಷ್ಯ ರಾಯರು. ಭೂತಗನ್ನಡಿ ಕೆಳಗಿಟ್ಟು ಹೇಳತೊಡಗಿದರು. “ಪೂರಾ ಕಪ್ಪಿ ಆದಮ್ಯಾಲೆ ಹಚ್ಚಿದ್ನಲ್ಲಾ, ಅವು ಒಂದೂ ಇಟ್ಟುಕೊಳ್ಳಲಿಲ್ಲ. ಒಡಹುಟ್ಟಿದ್ದರದೇ ಆಗಲಿ, ಕೆಂಪಗಾಗಿ ಕಪ್ಪಾಗಿ ಬಿದ್ದುಹೋತು. ಆದ್ರ ಬಾಲ ಕರಗಿ ಕಾಲು ಮೂಡೋ ಹೊತ್ತಿನಾಗ ಹಚ್ಚಿದ್ದು ನೋಡು, ಕೆಲವು ಹಂಗೇ ಉಳದಾವ. ಆ ಹೊತ್ತಿನಾಗ ಮೈಯೆಲ್ಲಾ ಮನಿ ಕೆಡವಿ ಕಟ್ಟಿಸಿದಂಗ ಇರ್ತದ. ಆ ಗದ್ದಲದಾಗ ಒಳಗ ಯಾರು ಕೂತಿರ್ತಾರೋ ಅವರೆಲ್ಲಾ ಮನಿಯವರೇ ಅಂತ ಮೈ ತಿಳ್ಕೊಳ್ತದ. ಕಟ್ಟಿ ಮುಗದಮ್ಯಾಲೆ ಬಂದವರು, ಅಣ್ಣ ಇರಲಿ ತಮ್ಮ ಇರಲಿ, ಹೊರಗಿನವರು.”

“ನಮ್ಮ ಮನ್ಯಾಗೂ ಹಂಗ ಐತ್ರಿ,” ಎಂದು ಪೀರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಕಟ್ಟಿ ಮುಗದಮ್ಯಾಲೆ ಬಂದಾಕಿ ನಾನು.”

ಆ ನಗು ಅವಳಿಗೆ ಬಹಳ ದಿನ ಉಳಿಯಲಿಲ್ಲ.

ಭಾಷೆಯ ಮೇಲೆ ಸೀಮೆಗಳನ್ನು ಹಂಚಿ ಬಳ್ಳಾರಿ ಕನ್ನಡದ ಕಡೆಗೆ, ಆದೋನಿ ತೆಲುಗಿನ ಕಡೆಗೆ ಆಗಿ ಕೆಲವು ವರ್ಷ ಕಳೆದಿದ್ದವು. ಆ ಮಳೆಗಾಲದ ಒಂದು ಮುಸ್ಸಂಜೆ ಪಂಪಿ ಚಿಮಣಿ ಬುಡ್ಡಿಯ ಹತ್ತಿರ ಕೂತು ಗೋಲಿಕಲ್ಲಿನ ಆಟ ಆಡುತ್ತಿದ್ದಳು. ಬುಡ್ಡಿ ಉರುಳಿತು, ಎಣ್ಣೆ ಲಂಗದ ಮೇಲೆ ಹರಿಯಿತು. ಪೀರಮ್ಮ ಕೂಗುವುದರೊಳಗೆ ಕೆಂಚಣ್ಣ ಕಂಬಳಿಯಲ್ಲಿ ಮಗಳನ್ನು ಸುತ್ತಿ ನೆಲಕ್ಕೆ ಉರುಳಿಸಿದ್ದ. ಹಾಗೇ ಎತ್ತಿಕೊಂಡು ಬರಿಗಾಲಲ್ಲಿ ಓಡಿದ. ಪೇಟೆಯ ಆಚೆ ಒಂದು ಧರ್ಮಾಸ್ಪತ್ರೆ ಇತ್ತು. ಮುಖಕ್ಕೆ ಏನೂ ಆಗಿರಲಿಲ್ಲ, ಆದರೆ ಎಡಗೈ, ಹೆಗಲು, ಬೆನ್ನಿನ ಅರ್ಧ ಬೆಂದುಹೋಗಿತ್ತು.

ಡಾಕ್ಟರು ಗುಂಟೂರಿನ ಕಡೆಯವರು, ವಯಸ್ಸಿನವರು, ಒಳ್ಳೆಯವರು. ಮಾತೆಲ್ಲ ತೆಲುಗು. ಗಾಯ ಅಗಲವಾಗಿದೆ, ಮೇಲೆ ಏನಾದರೂ ಮುಚ್ಚದಿದ್ದರೆ ಮೈಯ ಸತ್ವವೆಲ್ಲ ಸೋರಿಹೋಗುತ್ತದೆ, ಮಗುವಿನದೇ ಚರ್ಮ ತೆಗೆಯೋಣವೆಂದರೆ ಈಗ ಅದಕ್ಕೆ ತಡೆಯುವ ಶಕ್ತಿಯಿಲ್ಲ, ಸ್ವಲ್ಪ ದಿನದ ಮಟ್ಟಿಗೆ ದೊಡ್ಡವರ ಚರ್ಮ ಹೊದಿಸುತ್ತೇನೆ ಎಂದರು. ‘ಸ್ವಲ್ಪ ದಿನದ ಮಟ್ಟಿಗೆ’ ಎಂದದ್ದು ಯಾರ ಕಿವಿಗೂ ಬೀಳಲಿಲ್ಲ. ಕೆಂಚಣ್ಣ ಧೋತರ ಮೇಲೆತ್ತಿ ತೊಡೆ ತೋರಿಸಿ, “ನಾದಿ ತೀಸುಕೋಂಡಿ ಸಾರ್, ಎಷ್ಟು ಬೇಕೋ ಅಷ್ಟು” ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅಂದ. ಎಲ್ಲರೆದುರು ಸತ್ಯ ಹೇಳಬೇಕೆಂದರೆ ಅಂಥ ತಂದೆ ನೂರಕ್ಕೊಬ್ಬ.

ಅವನ ತೊಡೆಯ ಚರ್ಮವನ್ನು ಹಪ್ಪಳದ ಹಾಗೆ ತೆಳ್ಳಗೆ ತೆಗೆದು ಮಗುವಿನ ಮೈಗೆ ಹಚ್ಚಿದರು. ಪಟ್ಟಿ ಬಿಚ್ಚಿದಾಗ ನಸುಗೆಂಪಾಗಿ ಕೂತಿತ್ತು. ಕೆಂಚಣ್ಣ ಓಣಿಯ ತುಂಬ ಕುಂಟಿಕೊಂಡು ಓಡಾಡಿದ. ಕೇಳಿದವರಿಗೂ ಕೇಳದವರಿಗೂ ಹೇಳಿದ. ಆಮೇಲೆ ಒಂದು ವಾರ ಕಳೆದಿರಬೇಕು, ಅಂಚು ಕಪ್ಪಾಗತೊಡಗಿತು. ಬಿಸಿಲಿಗೆ ಒಣಗಿದ ಎಲೆಯಂತೆ ಮುದುರಿತು. ಕಡೆಗೆ ಪಟ್ಟಿಯ ಜೊತೆಗೇ ಎದ್ದು ಬಂತು. ಬೆಂಕಿ ಹತ್ತುವಾಗ ಹತ್ತೇ ಹತ್ತಿತು. ತೊಗಲು ಮಾತ್ರ ಹತ್ತಲಿಲ್ಲ.

“ಎಂದುಕು ಸಾರ್, ಯಾಕ ಬಿತ್ತು?” ಎಂದು ಕೆಂಚಣ್ಣ ಕೇಳಿದ.

ಡಾಕ್ಟರು ಕೈ ತೊಳೆಯುತ್ತಲೇ ಹೇಳಿದರು. “ಪರಾಯಿ ಚರ್ಮಂ ಕದಾ, ಎನ್ನಾಳ್ಳುಂಟುಂದಿ?”

ಇನ್ನೊಬ್ಬರ ಚರ್ಮವಲ್ಲವೇ, ಎಷ್ಟು ದಿನ ನಿಂತೀತು ಎಂದು ಅವರ ಅರ್ಥ. ಯಾರ ಮೈಗಾದರೂ ತನ್ನದಲ್ಲದ್ದೆಲ್ಲ ಪರಾಯಿಯೇ. ಆದರೆ ಆದೋನಿಯ ಓಣಿಯಲ್ಲಿ ಪರಾಯಿ ಅಂದರೆ ಬೇರೆ ಅರ್ಥ. ಪರಾಯಿ ಗಂಡಸು, ಪರಾಯಿ ಮನೆ. ತಮ್ಮ ರಕ್ತಕ್ಕೆ, ತಮ್ಮ ಮನೆತನಕ್ಕೆ ಸಂಬಂಧವಿಲ್ಲದ್ದು. ಎರಡೂ ಭಾಷೆ ಬಲ್ಲವನಿಗೆ ಎರಡು ಕಡೆಯಿಂದಲೂ ಮೋಸವಾಗುತ್ತದೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬರೀ ಕನ್ನಡದವನಾಗಿದ್ದರೆ ಕೆಂಚಣ್ಣ ‘ಹಂಗಂದ್ರೇನ್ರೀ’ ಎಂದು ಕೇಳುತ್ತಿದ್ದ. ಬರೀ ತೆಲುಗಿನವನಾಗಿದ್ದರೆ ಡಾಕ್ಟರ ಮಾತು ಡಾಕ್ಟರ ಹಾಗೇ ಕೇಳಿಸುತ್ತಿತ್ತೇನೋ. ಇವನು ಏನೂ ಕೇಳದೆ ಆ ಒಂದು ಮಾತನ್ನು ಎತ್ತಿಕೊಂಡು ಮನೆಗೆ ಹೋದ.

ಮನೆಯಲ್ಲಿ ಮಹಾಂತಮ್ಮ ಜೋಳ ಹಸನು ಮಾಡುತ್ತಿದ್ದಳು. ಮಗ ಹೇಳಿದ್ದು ಕೇಳಿ ಮೊರ ಕೆಳಗಿಟ್ಟಳು.

“ಪರಾಯಿ ಅಂದ್ರಾ? ಡಾಕ್ಟರ್ರ ಬಾಯಾಗ ಬಂತಾ?”

“ಹೂಂ.”

“ಸ್ವಂತ ರಕ್ತ ಆಗಿದ್ರ ಹತ್ತತಿತ್ತಪ್ಪ. ಮಾಧವರಂಗೆ ಅಲಾಯಿ ಹಬ್ಬಕ್ಕ ಅಂತ ಹೋದಾಕಿ, ಪಂಪಿ ಹೊಟ್ಟ್ಯಾಗ ಬಂದ ವರ್ಷ, ಎಷ್ಟ್ ದಿನಕ್ಕ ತಿರುಗಿ ಬಂದ್ಲು, ನೆನಪು ಮಾಡ್ಕೊ. ಹುಡುಗಿ ಬಣ್ಣ ನೋಡು. ನಮ್ಮ ಮನಿತನದಾಗ ಯಾರದರ ಐತೇನು ಆ ಬಣ್ಣ?”

ಪಂಪಿಯ ಬಣ್ಣ ಪೀರಮ್ಮನ ತಾಯಿಯ ಬಣ್ಣ. ಅದು ಎಲ್ಲರಿಗೂ ಗೊತ್ತಿತ್ತು, ಮಹಾಂತಮ್ಮನಿಗೂ. ಆದರೆ ಅನುಮಾನಕ್ಕೆ ಕಣ್ಣಿರುವುದಿಲ್ಲ, ಬಾಯಿ ಇರುತ್ತದೆ.

ಪೀರಮ್ಮ ಆಸ್ಪತ್ರೆಯಲ್ಲೇ ಮಗಳ ಹತ್ತಿರ ಇದ್ದಳು. ಬೆಳಿಗ್ಗೆ ಒಂದು ಗಳಿಗೆ ರಾಯರ ಮನೆಗೆ ನೀರು ಹಾಕಿ ಬಂದುಬಿಡುವಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ, ಆದರೂ ಏನೋ ಕೆಟ್ಟಿದೆ ಎಂದು ತಿಳಿಯಿತು. ಬುತ್ತಿ ತರುವ ಗಂಡ ಅದನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋಗಿ ಕೂರುತ್ತಿದ್ದ. ಅವಳು ರೊಟ್ಟಿ ಮುರಿದು ಕೊಟ್ಟರೆ, “ಹಸಿವಿಲ್ಲ” ಅನ್ನುತ್ತಿದ್ದ. ಮದುವೆಯಾದ ದಿನದಿಂದ ಅವಳ ಕೈ ರೊಟ್ಟಿ ಬೇಡ ಅಂದವನಲ್ಲ. ಮಗಳ ಮುಖ ನೋಡುವನು, ನೋಡಿದವನು ಏನನ್ನೋ ಹುಡುಕಿದ ಹಾಗೆ ನೋಡುತ್ತಲೇ ಇರುವನು.

“ಏನಾಗೈತಿ ನಿನಗ?” ಎಂದು ಕೇಳಿದಳು ಒಂದು ದಿನ.

“ಡಾಕ್ಟರ್ರು ಪರಾಯಿ ಅಂದ್ರು,” ಎಂದ ಅವನು. “ನೀನ ಹೇಳು.”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಕೂಡಲೇ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೆ ಭಯ ಬಂತು, ಭಯ ಬಂದದ್ದು ಹೋಗಲೇ ಇಲ್ಲ. ಹೆಂಡತಿಯ ಮೇಲೆ ಇಂಥ ಮಾತು ಬಂದರೆ ಅವಳನ್ನು ತವರಿಗೆ ಬಿಟ್ಟು ಬರುವುದು ಓಣಿಯಲ್ಲಿ ಹೊಸದಲ್ಲ. ಮಗಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಪರಾಯಿ ಮಗಳೆಂದು ಹೆಸರು ಬಿದ್ದ, ಅರ್ಧ ಮೈ ಸುಟ್ಟ ಹುಡುಗಿಯನ್ನು? ಅವಳು ಪ್ರಮಾಣ ಮಾಡುತ್ತೇನೆಂದಳು. ಅಲಾಯಿ ಹಬ್ಬದ ಪೀರಲ ದೇವರ ಮುಂದೆ ಬೇಕಾದರೂ ಸೈ, ಹೊಳೆಯಲ್ಲಿ ನಿಂತು ಬೇಕಾದರೂ ಸೈ. ಕೆಂಚಣ್ಣ ತಲೆಯೆತ್ತಲಿಲ್ಲ. ಬಾಯಿಮಾತಿನ ಪ್ರಮಾಣಕ್ಕಿಂತ ತೊಗಲಿನ ಸಾಕ್ಷಿ ದೊಡ್ಡದೆಂದು ಅವನಿಗೆ ತಲೆಯಲ್ಲಿ ಕೂತುಬಿಟ್ಟಿತ್ತು.

ಆಗ ಅವಳಿಗೆ ಮಾಸ್ತರರು ಹೇಳಿದ್ದು ನೆನಪಾಯಿತು. ಓಡಿದಳು. ಕೇಳಿ ರಾಯರು ಕೆಂಪಗಾದರು. “ಇದೇನು ಹುಚ್ಚುತನ! ಕರಕೊಂಡು ಬಾ ನಿನ್ನ ಗಂಡನ್ನ. ಕಣ್ಣಾರೆ ನೋಡಲಿ,” ಎಂದರು.

ಕೆಂಚಣ್ಣ ಬಂದ, ಅವನ ಹಿಂದೆ ಕರೆಯದಿದ್ದರೂ ಮಹಾಂತಮ್ಮ ಬಂದಳು. ವೆಂಕೂಬಾಯಿ ಹಿತ್ತಲ ಬಾಗಿಲಲ್ಲಿ ಜಪಮಣಿ ಹಿಡಿದು ನಿಂತರು. ರಾಯರು ಬಾನಿಯ ಮೇಲಿನ ಜಾಲರಿ ಸರಿಸಿ ಒಂದು ಕಪ್ಪೆ ಹಿಡಿದು ತೋರಿಸಿದರು.

“ನೋಡಪಾ ಕೆಂಚಣ್ಣ. ಇವೆಲ್ಲಾ ಒಂದೇ ತಾಯಿ ಒಂದೇ ತಂದಿ ಮಕ್ಕಳು. ಮೊಟ್ಟಿ ನಾನೇ ತಂದು ಬೇರೆ ಇಟ್ಟಿದ್ದೆ. ಇದರ ಬೆನ್ನಿಗೆ ಇದರ ಒಡಹುಟ್ಟಿದ್ದರ ಚರ್ಮ ಹಚ್ಚಿದ್ದೆ. ಬಿದ್ದುಹೋಗೇದ, ಕಲೆ ನೋಡು. ಇದೂ ಹಂಗೇ. ಹಂಗಂತ ಇವೇನು ಅಣ್ಣ ತಮ್ಮ ಅಲ್ಲೇನು? ಡಾಕ್ಟರು ಅಂದಿದ್ದೂ ಇಷ್ಟೇ. ಅಪ್ಪಂದಾದರೂ ಮೈಗೆ ಅದು ಹೊರಗಿಂದು.”

ಕೆಂಚಣ್ಣ ಬಗ್ಗಿ ನೋಡಿದ. ಅವನ ಮುಖ ಎಷ್ಟೋ ದಿನದ ಮೇಲೆ ಸಡಿಲವಾಯಿತು. ಪೀರಮ್ಮ ಅದನ್ನು ಕಂಡಳು, ಎದೆಯ ಮೇಲಿನ ಕಲ್ಲು ಜರುಗಿತು ಅಂದುಕೊಂಡಳು. ಅಷ್ಟರಲ್ಲಿ ಮಹಾಂತಮ್ಮ ಮೂಲೆಯ ಬಾನಿಗೆ ಕೈ ಚಾಚಿದಳು.

“ಅಲ್ಲಿ ನೋಡ್ರಿ ಸಾಮಿ. ಆ ಕರೇದರ ಬೆನ್ನ ಮ್ಯಾಲೆ ಬೆಳ್ಳಗ ಐತಲ್ಲ, ಅದೇನು?”

ರಾಯರು ಸುಳ್ಳು ಹೇಳಬಹುದಿತ್ತು. ಒಂದು ಸಣ್ಣ ಸುಳ್ಳು, ಕಪ್ಪೆಯ ಮೇಲೆ ಕಲೆ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಓದಿದವರಿಗೆ ಯಾವಾಗ ಬಾಯಿ ಮುಚ್ಚಬೇಕೆಂದು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಅವರ ಕಣ್ಣೇ ಅರಳಿತು.

“ಅದೇ ನೋಡವಾ ಭಾರೀ ಸ್ವಾರಸ್ಯದ್ದು! ಅದೂ ಇನ್ನೊಂದರ ಚರ್ಮನೇ. ಬಾಲ ಹೋಗೋ ಮುಂದ ಹಚ್ಚಿದ್ದೆ. ಎಳೇದಿತ್ತಲ್ಲ, ತನ್ನದೇ ಅಂತ ತಿಳಕೊಂಡು ಇಟ್ಟುಕೊಂಡದ.”

“ಹಂಗಾರ ಹತ್ತೋದೂ ಉಂಟು,” ಎಂದಳು ಮಹಾಂತಮ್ಮ ನಿಧಾನವಾಗಿ. “ಎಳೇವಕ್ಕ ಹತ್ತತೈತಿ. ನಮ್ಮ ಪಂಪೀನೂ ಎಳೀ ಮಗೂನ ಅಲ್ಲೇನ್ರಿ? ಕೆಂಚಾ, ಒಂದು ಕೆಲಸ ಮಾಡು. ಈ ಸಲ ಈಕಿ ತೊಗಲು ಹಚ್ಚಲಿ. ಹೆತ್ತಾಕಿ ಈಕೀನ, ಅದರಾಗ ಅನುಮಾನ ಇಲ್ಲ, ನಾನ ನಿಂತು ಬಾಣಂತನ ಮಾಡೀನಿ. ಈಕೀದೂ ಬಿದ್ದುಹೋದ್ರ ಕಪ್ಪಿ ಶಾಸ್ತ್ರ ಖರೆ, ನಾ ತಪ್ಪಾತು ಅಂತೀನಿ. ಈಕೀದು ಹತ್ತಿ, ನಿಂದು ಹತ್ತಲಿಲ್ಲ ಅಂದ್ರ…”

ಮಾತು ಮುಗಿಸಲಿಲ್ಲ. ಮುಗಿಸುವುದೇನಿತ್ತು? ಕೆಂಚಣ್ಣ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, “ಹಂಗ ಆಗಲಿ,” ಎಂದ.

ಅವರಿಬ್ಬರೂ ಹೋದಮೇಲೆ ಪೀರಮ್ಮ ಬಾನಿಯ ಹತ್ತಿರವೇ ಕುಕ್ಕರಿಸಿದಳು. “ಮಾಸ್ತರ್ರೀ, ನಂದು ಹತ್ತತೈತೋ ಇಲ್ಲೋ, ಖರೆ ಹೇಳ್ರಿ.”

ರಾಯರಿಗೆ ಆಗ ತಾವು ಮಾಡಿದ್ದು ತಿಳಿದಿತ್ತು. ಮುಖ ಬಾಡಿತ್ತು. “ಹತ್ತಬಾರದವಾ. ಮನುಷ್ಯರಾಗ ಹತ್ತಿದ್ದು ನಾ ಓದಿಲ್ಲ. ಆದ್ರ ಮಗು ಸಣ್ಣದು, ಸೋತದ. ಸೋತ ಮೈ ಎಷ್ಟು ದಿನ ಸುಮ್ಮನಿರ್ತದ, ನನಗ ಗೊತ್ತಿಲ್ಲ. ನಾ ಕಪ್ಪಿ ನೋಡಿದಾಂವ, ಮನುಷ್ಯರನ್ನ ನೋಡಿದಾಂವ ಅಲ್ಲ.”

ಡಾಕ್ಟರಿಗೆ ಈ ಪಂದ್ಯದ ಸುದ್ದಿ ಗೊತ್ತಿರಲಿಲ್ಲ. ಅವರಿಗೂ ಗಾಯಕ್ಕೆ ಮತ್ತೊಂದು ಹೊದಿಕೆ ಬೇಕೇ ಆಗಿತ್ತು. ತಾಯಿ ತಾನಾಗಿ ಬಂದು ತೊಡೆ ಒಡ್ಡಿದ್ದಕ್ಕೆ ಬೆನ್ನು ತಟ್ಟಿದರು. ತೆಗೆದ ಜಾಗ ಉಪ್ಪು ಸವರಿದಂತೆ ಉರಿಯಿತು. ಆ ಉರಿ ಅವಳಿಗೆ ಬೇಕಾಗಿತ್ತು, ಅದು ಉರಿಯುವಷ್ಟು ಹೊತ್ತು ಬೇರೆ ಯೋಚನೆ ಬರುತ್ತಿರಲಿಲ್ಲ.

ಪಟ್ಟಿ ಬಿಚ್ಚಿದ ದಿನ ಚರ್ಮ ನಸುಗೆಂಪಾಗಿ ಕೂತಿತ್ತು. ನರ್ಸಮ್ಮ ಖುಷಿಯಿಂದ ನಕ್ಕಳು. ಪೀರಮ್ಮನ ಎದೆ ಧಸಕ್ಕೆಂದಿತು. ಬಾಗಿಲಲ್ಲಿ ನಿಂತ ಮಹಾಂತಮ್ಮ ತುಟಿ ಬಿಗಿದು ಹೊರಟುಹೋದಳು.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು? ಅತ್ತ ದರಿ ಇತ್ತ ಪುಲಿ ಎಂದು ಓದಿದವರು ಅನ್ನುತ್ತಾರೆ. ಆ ದರಿಗೂ ಹುಲಿಗೂ ಒಂದೇ ಮಗಳ ಮುಖ ಇದ್ದರೆ ಏನು ಮಾಡುವುದು ಎಂದು ಯಾರೂ ಹೇಳಿಲ್ಲ. ತೊಗಲು ಹತ್ತಿದರೆ ಮಗಳು ಬದುಕುತ್ತಾಳೆ, ತನ್ನ ಮನೆ ಹೋಗುತ್ತದೆ. ಬಿದ್ದರೆ ತನ್ನ ಮಾನ ಉಳಿಯುತ್ತದೆ, ಮಗಳ ಗಾಯ ಮತ್ತೆ ಬಾಯಿ ತೆರೆಯುತ್ತದೆ. ಬೆಳಿಗ್ಗೆ ಎದ್ದು ದೇವರಿಗೆ ಕೈ ಮುಗಿಯಲು ಹೋದರೆ ಏನು ಬೇಡಬೇಕೆಂದೇ ಅವಳಿಗೆ ತಿಳಿಯುತ್ತಿರಲಿಲ್ಲ. ಕೈ ಮುಗಿದು ಸುಮ್ಮನೆ ನಿಂತು ಬರುತ್ತಿದ್ದಳು.

ರಾಯರ ಹಿತ್ತಲಿಗೆ ಹೋದರೆ ಮೊದಲು ಮೂಲೆಯ ಬಾನಿ. ಆ ಕರಿ ಕಪ್ಪೆ ಕಲ್ಲಿನ ಮೇಲೆ ಆರಾಮಾಗಿ ಕೂತಿರುತ್ತಿತ್ತು, ಬೆನ್ನ ಮೇಲೆ ಬಿಳಿ ಚುಕ್ಕೆ ಹಾಗೇ. ಅವಳಿಗೆ ಅದನ್ನು ಎತ್ತಿ ಗೋಡೆಯಾಚೆ ಎಸೆಯಬೇಕು ಅನ್ನಿಸುತ್ತಿತ್ತು. ಅದರ ತಪ್ಪೇನು, ಅದೂ ಏನೂ ತಿಳಿಯದ ಮರಿಯಾಗಿದ್ದಾಗ ಯಾರೋ ಹಚ್ಚಿದ್ದು ಎಂದು ಮತ್ತೆ ನೀರು ಹಾಕುತ್ತಿದ್ದಳು.

ಇತ್ತ ಪಂಪಿ ಚೇತರಿಸಿಕೊಳ್ಳತೊಡಗಿದಳು. ಜ್ವರ ಇಳಿಯಿತು. ಜೋಳದ ಸಂಕಟಿ ಬೇಕು, ಬೆಲ್ಲ ಬೇಕು ಅಂದಳು. ಪಕ್ಕದ ಹಾಸಿಗೆಯ ಮೌಲಾಲಿ ಎಂಬ ಮುದುಕನಿಗೆ ಒಗಟು ಹೇಳಿ ಸೋಲಿಸಿದಳು. ಹುಡುಗಿ ಒಂದೊಂದು ತುತ್ತು ಹೆಚ್ಚು ಉಂಡಾಗಲೂ ಪೀರಮ್ಮನಿಗೆ ಸಂತೋಷ, ಆ ಸಂತೋಷದ ಹೊಟ್ಟೆಯಲ್ಲೇ ಚಳಿ. ಕೆಂಚಣ್ಣ ದಿನಾ ಬರುವನು. ಪಟ್ಟಿ ಸರಿಸಿ ಚರ್ಮದ ಅಂಚು ನೋಡುವನು. ಅಂಚು ಕಪ್ಪಾಗಿರಲಿಲ್ಲ. ಅವನದು ಬಿದ್ದಷ್ಟು ದಿನ ಕಳೆದು, ಅದರ ಮೇಲೂ ದಿನ ಕಳೆದವು. ಒಂದು ದಿನ ಅವನು ಬುತ್ತಿ ಇಟ್ಟು ಹೋಗುವಾಗ, “ನಿನ್ನ ಟ್ರಂಕು ಅವ್ವ ಹೊರಗಿಟ್ಟಾಳ,” ಎಂದ. ಅಂದದ್ದು ಬಾಗಿಲ ಕಡೆ ತಿರುಗಿಕೊಂಡು. ಆದರೂ ಅಂದ.

ಅವತ್ತು ಮಧ್ಯಾಹ್ನ ವಾರ್ಡಿನಲ್ಲಿ ಎಲ್ಲರೂ ಮಲಗಿದ್ದರು. ಪೀರಮ್ಮ ಮಗಳ ಹಾಸಿಗೆಯ ಹತ್ತಿರ ಕೂತು ಆ ಚರ್ಮದ ಅಂಚನ್ನೇ ನೋಡುತ್ತಿದ್ದಳು. ಉಗುರು ಹಾಕಿದರೆ ಏಳುತ್ತದೆ. ಒಂದು ಕಡೆ ಎದ್ದರೆ ಸಾಕು, ಉಳಿದದ್ದು ತಾನಾಗಿ ಹೋಗುತ್ತದೆ. ಯಾರಿಗೂ ತಿಳಿಯುವುದಿಲ್ಲ. ಡಾಕ್ಟರು ಮತ್ತೆ ಏನಾದರೂ ಮಾಡುತ್ತಾರೆ. ಮನೆ ಇದ್ದರೆ ತಾನೇ ಮಗಳಿಗೂ ನೆಲೆ? ಇದು ತನಗಷ್ಟೇ ಅಲ್ಲ, ಮಗಳಿಗೂ ಒಳ್ಳೆಯದೇ. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಕೈ ಮುಂದೆ ಹೋಗಿತ್ತು. ಉಗುರು ಅಂಚಿಗೆ ತಾಗಿತ್ತು.

ಪಂಪಿ ಕಣ್ಣು ಬಿಟ್ಟಳು. “ಅವ್ವಾ, ಅಲ್ಲೇ. ಅಲ್ಲೇ ತುರಿಸ್ತೈತಿ. ಕೆರಿ ಅವ್ವಾ, ಜೋರಾಗಿ ಕೆರಿ.”

ಪೀರಮ್ಮ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಮಗಳು ತಾನೇ ಕೆರೆಯಲು ಕೈ ಎತ್ತಿದಳು. ತಾಯಿ ಆ ಕೈಯನ್ನು ಹಿಡಿದಳು. “ಬ್ಯಾಡವ್ವ, ಕೆರೀಬಾರ್ದು, ಕಿತ್ತು ಬರ್ತೈತಿ,” ಎಂದಳು. ಹುಡುಗಿ ಅತ್ತಳು, ಹಟ ಮಾಡಿದಳು, ಬೈದಳು. ಪೀರಮ್ಮ ಸೀರೆಯ ಸೆರಗಿನಿಂದ ಆ ಕೈಯನ್ನು ತನ್ನ ಕೈಗೇ ಕಟ್ಟಿಕೊಂಡು, ಅಂಚಿನ ಸುತ್ತ ಮೆಲ್ಲಗೆ ಉಸಿರು ಊದುತ್ತ ಕೂತಳು. ಸಂಜೆಯವರೆಗೂ ಊದಿದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳಿಗೆ ದೇವರಲ್ಲಿ ಏನು ಬೇಡಬೇಕೆಂದು ತಿಳಿಯಿತು. ಹತ್ತಲಿ. ಟ್ರಂಕು ಹೊರಗಿದ್ದರೆ ಇರಲಿ, ಹತ್ತಲಿ.

ಬೇಡಿದ್ದನ್ನೆಲ್ಲ ಕೊಡುವ ದೇವರು ಯಾವ ಊರಲ್ಲೂ ಇಲ್ಲ. ಎರಡು ದಿನಕ್ಕೆ ಅಂಚು ಕೆಂಪಾಯಿತು, ಆಮೇಲೆ ಕಪ್ಪಾಯಿತು. ತಾಯಿಯ ತೊಗಲೂ ಮುದುರಿ ಎದ್ದಿತು. ಡಾಕ್ಟರು ಅದನ್ನು ತೆಗೆದು ಹಾಕುವ ಹೊತ್ತಿಗೆ ಕೆಂಚಣ್ಣನೂ ಮಹಾಂತಮ್ಮನೂ ಅಲ್ಲೇ ಇದ್ದರು. ಪೀರಮ್ಮ ಗೋಡೆಗೆ ಹಣೆ ಒತ್ತಿ ಅಳುತ್ತಿದ್ದಳು. ಡಾಕ್ಟರಿಗೆ ಇದೇನು ಇಷ್ಟೊಂದು ಎಂದು ಆಶ್ಚರ್ಯ.

“ತಲ್ಲಿದೈನಾ ಪರಾಯಿ ಚರ್ಮಮೇ ಕದಮ್ಮಾ,” ಎಂದರು. ತಾಯಿಯದಾದರೂ ಪರರ ಚರ್ಮವೇ ತಾನೆ. ಅಳಬೇಡ, ಅದು ಮಾಡಬೇಕಾದ ಕೆಲಸ ಮಾಡಿ ಹೋಗಿದೆ, ಮಗುವಿಗೆ ಶಕ್ತಿ ಬಂದಿದೆ, ಇನ್ನು ಅದರದೇ ತೊಡೆಯಿಂದ ತೆಗೆದು ಹಚ್ಚುತ್ತೇನೆ, ಅದು ಎಲ್ಲಿಗೂ ಹೋಗುವುದಿಲ್ಲ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಮೊದಲ ದಿನವೇ ಇಷ್ಟು ಬಿಡಿಸಿ ಹೇಳಿದ್ದರೆ ಒಂದು ಮನೆಯ ನಿದ್ದೆ ಉಳಿಯುತ್ತಿತ್ತು. ಅವರಿಗೇನು ಗೊತ್ತು ಪಾಪ.

ಮಹಾಂತಮ್ಮ ಮಾತಿಗೆ ತಪ್ಪುವವಳಲ್ಲ. “ತಪ್ಪಾತವ್ವ,” ಎಂದಳು, ಗೋಡೆಯ ಕಡೆ ನೋಡಿಕೊಂಡೇ. ಅಂದು ಬೇಗ ಬೇಗ ಹೊರಗೆ ನಡೆದಳು, ಟ್ರಂಕು ಒಳಗಿಡಲು ಹೋಗಿರಬೇಕು.

ಕೆಂಚಣ್ಣ ಉಳಿದ. ಅವನ ಮುಖದಿಂದ ಏನೋ ಇಳಿದುಹೋಗಿತ್ತು. ಮಗಳ ಕಾಲು ಹಿಡಿದುಕೊಂಡು ಅತ್ತ. ಅತ್ತು ಮುಗಿಸಿ ಹೆಂಡತಿಯ ಹತ್ತಿರ ಬಂದು ನಿಂತ.

“ಪೀರೀ, ತಪ್ಪಾತು. ಮಗೀದು ವಾಸಿ ಆದ ಕೂಡ್ಲೇ ಮನೀಗೆ ಹೋಗೂನು. ಇನ್ನ ಏನೂ ಇಲ್ಲ. ಮುಗೀತು.”

ಪೀರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತಿರುಗಿದಳು.

“ಹತ್ತಿದ್ರ?”

“ಏನು?”

“ನನ್ನ ತೊಗಲು ಹತ್ತಿದ್ರ ಏನ್ ಮಾಡ್ತಿದ್ದಿ?”

ಸುಳ್ಳು ಹೇಳುವ ಅಭ್ಯಾಸ ಕೆಂಚಣ್ಣನಿಗಿರಲಿಲ್ಲ, ಇವತ್ತು ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವನಿಗೇ ಅನ್ನಿಸಿರಬೇಕು.

“ಮಾಧವರಂಗೆ ಬಿಟ್ಟು ಬರ್ತಿದ್ದೆ,” ಎಂದ.

“ನಾನು ಆವಾಗಲೂ ನಾನ. ಈಗಲೂ ನಾನ. ಏನರ ಬದಲಾತೇನು?”

ಪೀರಮ್ಮ ಮಗಳ ಹಾಸಿಗೆಯ ಅಂಚಿಗೆ ಕೂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಪಂಪೀದು ಆಕೀ ತೊಗಲು ಆಕೀಗೆ ಹತ್ತಲಿ. ಗಾಯ ಮಾಯಲಿ. ಆಮ್ಯಾಲೆ ಬರ್ತೀನೋ ಇಲ್ಲೋ ನಾ ಹೇಳ್ತೀನಿ. ಬಂದ್ರ ನಿನ್ನ ಮನೀಗೆ, ಇಲ್ಲಾಂದ್ರ ಇಬ್ಬರೂ ಮಾಧವರಂಗೆ. ಇಷ್ಟ್ ದಿನ ನಾ ಕಾದೀನಿ. ಈಗ ನೀ ಕಾಯಿ.”

“ಯಾವಾಗ ಹೇಳ್ತಿ?”

“ಗೊತ್ತಿಲ್ಲ.”

ಕೆಂಚಣ್ಣ ಹೊರಗೆ ಹೋಗಿ ಆಸ್ಪತ್ರೆಯ ಕಟ್ಟೆಯ ಮೇಲೆ ಕೂತ. ಎತ್ತು ಬಿಚ್ಚಿರಲಿಲ್ಲ, ಜಿನ್ನಿನಲ್ಲಿ ಗಾಡಿಗೆ ಕಾಯುತ್ತಿದ್ದರು. ಅವನು ಏಳಲಿಲ್ಲ. ಒಳಗೆ ಏನಾದರೂ ಸದ್ದಾದರೆ ಸಾಕು, ತಟ್ಟನೆ ಬಾಗಿಲ ಕಡೆ ತಿರುಗಿ ಹೆಂಡತಿಯ ಮುಖ ನೋಡುತ್ತಿದ್ದ.